ಹಳಿ ಒಂದೇ, ಬೋಗಿಯ ಗಾತ್ರವೇಕೆ ಬೇರೆ?

ಪ್ರಶ್ನೆ: ಮಾದರಿ ರೈಲುಗಳಲ್ಲಿ ಎಚ್‌ಓ ಮತ್ತು ಓಓ ಎರಡೂ ಒಂದೇ ಹಳಿಯ ಮೇಲೆ ಓಡುತ್ತವೆ. ಆದರೂ ಪಕ್ಕಪಕ್ಕದಲ್ಲಿ ಇಟ್ಟಾಗ ಓಓ ಬೋಗಿ ದೊಡ್ಡದಾಗಿ ಕಾಣುವುದೇಕೆ? ಹೊಸಬರು ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ನಿಜವಾದ ರೈಲನ್ನು ಎಷ್ಟು ಪಟ್ಟು ಕುಗ್ಗಿಸಲಾಗಿದೆ ಎಂಬುದು ಸ್ಕೇಲ್, ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರ ಗೇಜ್. ಎಚ್‌ಓ ಮತ್ತು ಓಓ ಎರಡರ ಗೇಜೂ 16.5 ಮಿ.ಮೀ., ಆದರೆ ಸ್ಕೇಲ್ ಮಾತ್ರ ಕ್ರಮವಾಗಿ 1:87 ಮತ್ತು 1:76.2.

ಜರ್ಮನಿಯ ಮಾರ್ಕ್ಲಿನ್ ಕಂಪನಿಯು 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಆಟಿಕೆ ರೈಲುಗಳ ಹಳಿಗೆ ಗೊತ್ತಾದ ಅಗಲಗಳನ್ನು ಇಟ್ಟು, ಅವುಗಳನ್ನು ಸಂಖ್ಯೆಗಳಿಂದ ಗುರುತಿಸುವ ಪದ್ಧತಿಗೆ ನಾಂದಿ ಹಾಡಿತು. ಸಂಖ್ಯೆ ಇಳಿದಂತೆ ಹಳಿ ಕಿರಿದಾಗುತ್ತಿದ್ದುದರಿಂದ, ಒಂದನೆಯ ಗೇಜಿಗಿಂತಲೂ ಕಿರಿದಾದ 32 ಮಿ.ಮೀ. ಹಳಿಗೆ ಸೊನ್ನೆಯೇ ಗುರುತಾಯಿತು. 16.5 ಮಿ.ಮೀ. ಹಳಿ ಅದರ ಸುಮಾರು ಅರ್ಧದಷ್ಟು; ಅದಕ್ಕೇ ಎಚ್‌ಓ, ಅಂದರೆ ‘ಹಾಫ್ ಓ’ (ಅರ್ಧ ಸೊನ್ನೆ) ಎಂಬ ಹೆಸರು.

ತೊಡಕು ಹುಟ್ಟಿದ್ದು ಬ್ರಿಟನ್ನಿನಲ್ಲಿ. ಅಲ್ಲಿನ ಹಳೆಯ ಸುರಂಗ, ಸೇತುವೆಗಳು ಇಕ್ಕಟ್ಟಾಗಿರುವುದರಿಂದ ರೈಲುಗಳು ಯುರೋಪಿನ ಇತರ ರೈಲುಗಳಿಗಿಂತ ಅಗಲದಲ್ಲೂ ಎತ್ತರದಲ್ಲೂ ಚಿಕ್ಕವು. ಅಂಥ ಎಂಜಿನ್ನನ್ನು 1:87ಕ್ಕೆ ಕುಗ್ಗಿಸಿದರೆ ಆ ಕಾಲದ ಮೋಟಾರು ಅದರೊಳಗೆ ಹಿಡಿಸುತ್ತಿರಲಿಲ್ಲ. ಆದ್ದರಿಂದ ತಯಾರಕರು ಹಳಿಯನ್ನು ಹಾಗೆಯೇ ಉಳಿಸಿಕೊಂಡು ಎಂಜಿನ್, ಬೋಗಿಗಳನ್ನಷ್ಟೇ ಹಿಗ್ಗಿಸಿದರು. ನಿಜವಾದ ಸ್ಟ್ಯಾಂಡರ್ಡ್ ಗೇಜ್ 1435 ಮಿ.ಮೀ.; ಅದನ್ನು ಓಓ ಪ್ರಮಾಣಕ್ಕೆ ಇಳಿಸಿದರೆ ಹಳಿ 18.83 ಮಿ.ಮೀ. ಇರಬೇಕಿತ್ತು. ಓಓ ಎಂಜಿನ್ನನ್ನು ನೇರ ಎದುರಿನಿಂದ ನೋಡಿದರೆ, ಗಾಲಿಗಳು ಒಳಕ್ಕೆ ಸರಿದು ನಿಂತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಇದನ್ನು ಒಪ್ಪದೆ, 18.83 ಮಿ.ಮೀ. ಹಳಿಯನ್ನು ತಾವೇ ಜೋಡಿಸಿ ಗಾಲಿಗಳನ್ನೂ ಬದಲಾಯಿಸಿಕೊಳ್ಳುವ ಹವ್ಯಾಸಿಗಳಿದ್ದಾರೆ. ಅವರ ನಿಷ್ಠೆ ದೊಡ್ಡದು. ಆದರೆ ಆ ಕೆಲಸಕ್ಕೆ ಪಳಗಿದ ಕೈ ಬೇಕು.

ಹೊಸಬರು ಮೊದಲು ಯಾವ ದೇಶದ ರೈಲು ತಮಗೆ ಇಷ್ಟವೆಂಬುದನ್ನು ನಿರ್ಧರಿಸಬೇಕು. ಬ್ರಿಟಿಷ್ ರೈಲಾದರೆ ಓಓ, ಯುರೋಪಿನ ಉಳಿದ ಭಾಗದ್ದೋ ಅಮೆರಿಕದ್ದೋ ಆದರೆ ಎಚ್‌ಓ ಸೂಕ್ತ. ಜಾಗ ಕಡಿಮೆಯಿದ್ದರೆ 9 ಮಿ.ಮೀ. ಹಳಿಯ ಎನ್ ಗೇಜ್ ಇದೆ. 1972ರಲ್ಲಿ ಬಂದ ಜೆಡ್ ಇನ್ನೂ ಚಿಕ್ಕದು, 6.5 ಮಿ.ಮೀ. ಹಳಿಯ ಮೇಲೆ ತುಸು ಧೂಳು ಕುಳಿತರೂ ವಿದ್ಯುತ್ ಸಂಪರ್ಕ ತಪ್ಪುವುದರಿಂದ ಹೊಸಬರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಯಾವುದನ್ನು ಆರಿಸಿಕೊಂಡರೂ, ಹಳಿ ಹೊಂದುತ್ತದೆಂಬ ಕಾರಣಕ್ಕೆ ಎಚ್‌ಓ, ಓಓ ಬೋಗಿಗಳನ್ನು ಬೆರೆಸಬೇಡಿ. 20 ಮೀಟರ್ ಉದ್ದದ ಬೋಗಿ ಎಚ್‌ಓನಲ್ಲಿ 23 ಸೆಂ.ಮೀ. ಆದರೆ ಓಓನಲ್ಲಿ 26 ಸೆಂ.ಮೀ. ದಾಟುತ್ತದೆ. ನಿಲ್ದಾಣದ ಕಟ್ಟಡ, ಪ್ಲಾಟ್‌ಫಾರಂ ಮೇಲಿನ ಮನುಷ್ಯರ ಗೊಂಬೆಗಳನ್ನು ಕೊಳ್ಳುವಾಗಲೂ ಗೇಜನ್ನಲ್ಲ, ಸ್ಕೇಲನ್ನೇ ನೋಡಿ.