ದಿನಾ ಅದೇ ಕೆಲಸ, ಅದೇ ಊಟ. ಇದರಲ್ಲಿ ಕೃತಜ್ಞತೆ ಹುಟ್ಟೋದು ಹೇಗೆ?

ಮಲಗೋ ಮುಂಚೆ ದಿನಾ ಮೂರು ಒಳ್ಳೇ ವಿಷಯ ಬರೀತೀನಿ, ಆದರೆ ಮನಸ್ಸಿಗೆ ಏನೂ ಅನಿಸಲ್ಲ ಅಂತ ಕೇಳಿದ್ದೀರಿ. ನನಗೂ ಹಾಗೇ ಆಗಿತ್ತು. ಮನೆ, ಆರೋಗ್ಯ, ಕೆಲಸ. ಮರುದಿನ ಮತ್ತೆ ಮನೆ, ಆರೋಗ್ಯ, ಕೆಲಸ. ಎರಡೇ ವಾರಕ್ಕೆ ನೋಟ್‌ಬುಕ್ ಮುಚ್ಚಿಟ್ಟೆ.

ನಾನು ಕಲಬುರಗಿಯವಳು. ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೀತೀನಿ. ಎರಡು ವರ್ಷದ ಹಿಂದೆ, ಮೇ ತಿಂಗಳು. ನಮ್ಮೂರ ಬಿಸಿಲು ಗೊತ್ತಲ್ವಾ? 42 ಡಿಗ್ರಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸಲ್ಲ. ಮಧ್ಯಾಹ್ನ ಮನೆಗೆ ಬಂದರೆ ಕರೆಂಟ್ ಇಲ್ಲ. ಸಿಟ್ಟಿಗೆ ಚೀಲ ಒಗೆದು, ಪಡಸಾಲೆಯ ಫರ್ಸಿ ಮೇಲೆ ಹಾಗೇ ಅಡ್ಡಾದೆ. ನಮ್ಮ ಕಡೆ ನೆಲಕ್ಕೆ ಹಾಸೋ ಶಹಾಬಾದ್ ಕಲ್ಲಿನ ಫರ್ಸಿ. ಬೆನ್ನಿಗೆ ತಂಪು ಹತ್ತಿತು. ಹತ್ತು ನಿಮಿಷ ಏನೂ ಮಾತಾಡಲಿಲ್ಲ.

ಅಪ್ಪ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಹರೆಯದಲ್ಲಿ ಅವರು ಶಹಾಬಾದ್ ಕಡೆಯ ಕಲ್ಲಿನ ಖಣಿಯಲ್ಲಿ ಕೆಲಸ ಮಾಡಿದವರು. ಅದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಆ ಕೆಲಸ ಹೇಗೆ ಮಾಡ್ತಿದ್ದರು ಅಂತ ಒಂದು ಸಲವೂ ಕೇಳಿರಲಿಲ್ಲ. ಅವತ್ತು ಸುಮ್ನೆ ಕೇಳಿದೆ.

ಅಪ್ಪ ಬಗ್ಗಿ, ಬೆರಳಿನ ಗೆಣ್ಣಿನಿಂದ ಫರ್ಸಿ ತಟ್ಟಿದರು. "ಕಲ್ಲಿನ ಮ್ಯಾಲ ಜೋರ್ ಮಾಡಬಾರದವ್ವ. ಪದರ ಎಲ್ಲಿ ಅದ ಅಂತ ನೋಡಬೇಕು." ಆ ಕಲ್ಲು ಹಾಳೆ ಹಾಳೆಯಾಗಿ ಕೂತಿರುತ್ತೆ. ಅಂಚಿನಲ್ಲಿ ಗೆರೆ ಹುಡುಕಿ, ಉಳಿ ಇಟ್ಟು, ಸಣ್ಣಗೆ ಹೊಡೆಯುತ್ತಾ ಉದ್ದಕ್ಕೂ ಹೋಗಬೇಕು. ಸದ್ದು ಬದಲಾದರೆ ಪದರ ಬಿಟ್ಟಿದೆ ಅಂತ ಅರ್ಥ. ಆಮೇಲೆ ಇಡೀ ಹಾಸು ಎದ್ದು ಬರುತ್ತೆ. ನಡುವೆ ಸೀಳಿದರೆ ಬೆಳಗಿನಿಂದ ಮಾಡಿದ್ದೆಲ್ಲ ನೀರು ಪಾಲು. ಇದನ್ನ ಹೇಳುವಾಗ ಅವರ ಕೈ ಗಾಳಿಯಲ್ಲಿ ಉಳಿ ಹಿಡಿದ ಹಾಗೇ ಇತ್ತು.

ನಾನು ಮೂವತ್ತು ವರ್ಷ ಓಡಾಡಿದ ನೆಲ ಅದು. ಅವತ್ತು ಅದನ್ನ ಮೊದಲ ಸಲ ನೋಡಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು, ನಿಜ ಹೇಳ್ತಿದ್ದೀನಿ.

ಅದಕ್ಕೇ ನಿಮಗೆ ಹೇಳೋದು, ಕೃತಜ್ಞತೆಯನ್ನೇ ನೇರವಾಗಿ ಹುಡುಕಬೇಡಿ. ನಿಮ್ಮ ಕೈಯಲ್ಲಿರೋ ಒಂದು ವಸ್ತು ತೆಗೆದುಕೊಳ್ಳಿ. ಅದು ನಿಮ್ಮ ತನಕ ಹೇಗೆ ಬಂತು ಅಂತ ಕೇಳ್ತಾ ಹೋಗಿ. ನನ್ನ ಮಿಲ್ಲಿನ ಬೇಳೆಯನ್ನೇ ನೋಡಿ. ಮುಂಗಾರಿಗೆ ಬಿತ್ತಿದ ತೊಗರಿ ರಾಶಿಯಾಗೋದು ಡಿಸೆಂಬರ್, ಜನವರಿಗೆ. ಕಾಳಿನ ಸಿಪ್ಪೆ ಒಂದೇ ಸಲಕ್ಕೆ ಬಿಡಲ್ಲ. ಎಣ್ಣೆ ಸವರಿ, ಅಂಗಳದಲ್ಲಿ ಹರವಿ, ಒಣಗಿಸಿ, ಮತ್ತೆ ಮಿಲ್ಲಿಗೆ ಹಾಕಬೇಕು. ತಲೆಗೆ ಸೆರಗು ಸುತ್ತಿಕೊಂಡು ಹೆಣ್ಣುಮಕ್ಕಳು ಅದನ್ನ ಕೈಯಾಡಿಸ್ತಾರೆ. ನಾನು ಬೈಯೋ ಅದೇ ಬಿಸಿಲಲ್ಲಿ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು, ಸಿಕ್ಕಾಗ ಹೆಮ್ಮೆ ಅನಿಸಿತ್ತು. ಆದರೆ ಆ ಅಕ್ಕಂದಿರ ಜೊತೆ ಕೂತು ಬುತ್ತಿ ಬಿಚ್ಚಿದ ಮೇಲೆ, ಮನೆಯಲ್ಲಿ ಬೇಳೆ ಚೆಲ್ಲೋಕೆ ನನಗೆ ಕೈ ಬರಲ್ಲ.

ಇನ್ನೊಂದು, ದಿನಾ ಬರೀಲೇಬೇಕು ಅಂತೇನಿಲ್ಲ. ಈ ವಿಷಯದಲ್ಲಿ ಹೆಸರಾದ ಒಂದು ಅಧ್ಯಯನ 2003ರಲ್ಲಿ ಬಂತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ ಮಾಡಿದ್ದು. ಅದರ ಒಂದು ಭಾಗದಲ್ಲಿ ವಿದ್ಯಾರ್ಥಿಗಳಿಂದ ವಾರಕ್ಕೆ ಒಂದೇ ಸಲ, 10 ವಾರ ಬರೆಸಿದರು. ಕೆಲವರು ಕಿರಿಕಿರಿಗಳನ್ನ ಬರೆದರು, ಕೆಲವರು ತಮಗೆ ಸಿಕ್ಕ ಒಳ್ಳೆಯದನ್ನ. ಒಳ್ಳೆಯದನ್ನ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಸಮಾಧಾನ ಜಾಸ್ತಿ ಇತ್ತು. ನಾನೂ ಈಗ ಭಾನುವಾರ ಮಾತ್ರ ಬರೀತೀನಿ. ಒಂದೇ ವಿಷಯ, ಆದರೆ ಪುಟ ತುಂಬ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಕೃತಜ್ಞತೆ ಅಂದರೆ ಇದ್ದದ್ದಕ್ಕೆಲ್ಲ ತಲೆ ಆಡಿಸೋದು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಪ್ಪನಿಗೆ ಇವತ್ತಿಗೂ ರಾತ್ರಿ ಬೆನ್ನು ನೋಯುತ್ತೆ. ಆ ದುಡಿತಕ್ಕೆ ಸಿಕ್ಕ ಕೂಲಿ ಎಷ್ಟು ಅಂತ ಗೊತ್ತಾದಾಗ ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಹಾಗೇ ಇದೆ. ಅದರ ಪಕ್ಕದಲ್ಲೇ ಕೃತಜ್ಞತೆಯೂ ಇದೆ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಒಂದನ್ನ ಆರಿಸಿಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಇನ್ನೂ ಒಳ್ಳೇದು, ಅವರನ್ನೇ ಕೇಳಿ. ನನಗಂತೂ ಅಪ್ಪನ ಹತ್ತಿರ ಕೇಳೋದು ಇನ್ನೂ ಮುಗಿದಿಲ್ಲ. ಸಂಜೆ ಚಹಾ ಕುಡಿಯುವಾಗ, ಆ ಉಳಿಯನ್ನ ಯಾವ ಕಮ್ಮಾರ ಮಾಡಿಕೊಡ್ತಿದ್ದ ಅಂತ ಕೇಳಬೇಕು.