ಪೊಟ್ಟಣದ ಮೇಲಿನ ‘ಕೂರ್ಗ್’ ಯಾರ ಸ್ವತ್ತು?

ಸುಂಟಿಕೊಪ್ಪ ಹೋಬಳಿಯ ಬೆಳೆಗಾರರೊಬ್ಬರ ಪತ್ರದ ಸಾರ: ‘ನಮ್ಮ ಏಳು ಎಕರೆ ತೋಟದ ಕಾಫಿಯನ್ನು ನಾನೇ ಹುರಿದು, ಪುಡಿ ಮಾಡಿಸಿ, ಕೂರ್ಗ್ ಅರೇಬಿಕಾ ಬ್ಲೆಂಡ್ ಎಂಬ ಹೆಸರಿನಲ್ಲಿ ಮಾರುತ್ತೇನೆ. ಕುಶಾಲನಗರದಿಂದ ಮಡಿಕೇರಿಯವರೆಗಿನ ಹೆದ್ದಾರಿ ಅಂಗಡಿಗಳಲ್ಲಿ ಎಲ್ಲಿಂದಲೋ ಬಂದ ಚಿಕೋರಿ ಪುಡಿ ಕೂರ್ಗ್ ಕಾಫಿ ಎಂಬ ಹೆಸರಿನಲ್ಲಿ ನನ್ನದರ ಅರ್ಧ ಬೆಲೆಗೆ ಹೋಗುತ್ತಿದೆ. 2019ರಲ್ಲೇ ನಮಗೆ ಜಿಐ ಟ್ಯಾಗ್ (ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕ) ಬಂದಿದೆಯಲ್ಲ, ಇವರ ಮೇಲೆ ಕೇಸು ಹಾಕಬಹುದೇ? ಆಗದಿದ್ದರೆ ಕೂರ್ಗ್ ಎಂಬ ಹೆಸರನ್ನೇ ನನ್ನ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಳ್ಳಲೇ?’

ಮಾನ್ಯರೇ,

ನಿಮ್ಮ ಪತ್ರ ಬಂದ ವಾರವೇ ಮೈಸೂರಿಗೆ ಹೋಗಿ ಬರುವಾಗ ಹೆದ್ದಾರಿಯ ಒಂದು ಅಂಗಡಿಯಲ್ಲಿ ಕಾಲು ಕಿಲೋ ಪೊಟ್ಟಣವೊಂದನ್ನು ಕೊಂಡೆ. ಮುಂಭಾಗದಲ್ಲಿ ಮಂಜು ಮುಸುಕಿದ ಬೆಟ್ಟ, ಕೆಂಪು ಹಣ್ಣಿನ ಗೊಂಚಲು, ದೊಡ್ಡ ಅಕ್ಷರದಲ್ಲಿ ‘ಕೂರ್ಗ್ ಕಾಫಿ’. ಹಿಂಬದಿಯ ಮಡಿಕೆಯನ್ನು ಬಿಡಿಸಿ ಕನ್ನಡಕ ಏರಿಸಿದಾಗ ಕಂಡದ್ದು: ಕಾಫಿ ಶೇಕಡಾ 53, ಚಿಕೋರಿ ಶೇಕಡಾ 47, ಪೊಟ್ಟಣ ಕಟ್ಟಿದ ವಿಳಾಸ ಎರಡು ಜಿಲ್ಲೆಗಳ ಆಚೆಯದು. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಬೇಕು, ಎರಡರ ಪ್ರಮಾಣವನ್ನೂ ಚೀಟಿಯ ಮೇಲೆ ನಮೂದಿಸಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಆ ಲೆಕ್ಕದಲ್ಲಿ ಈ ಮನುಷ್ಯ ಕಾನೂನನ್ನು ಓದಿಕೊಂಡೇ ವ್ಯಾಪಾರಕ್ಕೆ ಇಳಿದಿದ್ದಾನೆ. ಇನ್ನು ಉಳಿಯುವುದು ‘ಕೂರ್ಗ್’ ಎಂಬ ಮೂರಕ್ಷರ ಮಾತ್ರ.

2019ರ ಮಾರ್ಚಿನಲ್ಲಿ ದೇಶದ ಐದು ಕಾಫಿಗಳಿಗೆ ಜಿಐ ಮಾನ್ಯತೆ ದೊರೆಯಿತು. ನಮ್ಮ ಪಾಲಿಗೆ ಬಂದ ಹೆಸರು ‘ಕೂರ್ಗ್ ಅರೇಬಿಕಾ ಕಾಫಿ’. ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಮತ್ತು ಆಂಧ್ರದ ಅರಕು ಕಣಿವೆಗೂ ಅರೇಬಿಕಾದ ಹೆಸರಿನಲ್ಲೇ ಬಂತು. ಪಕ್ಕದ ವಯನಾಡಿಗೆ ಮಾತ್ರ ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾದ ಹೆಸರಿನಲ್ಲಿ. ನೋಂದಣಿಯಾದದ್ದು ‘ಕೂರ್ಗ್ ಕಾಫಿ’ ಅಲ್ಲ ಎಂಬುದನ್ನು ಆ ದಿನ ಪಟಾಕಿ ಹೊಡೆದವರಲ್ಲಿ ಹೆಚ್ಚಿನವರು ಗಮನಿಸಲಿಲ್ಲ. ಸುದ್ದಿ ಅಚ್ಚು ಹಾಕಿದ ನಾವೂ ಗಮನಿಸಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಬೆಳೆಯುವ ಈ ಜಿಲ್ಲೆಯ ಕಣಗಳಲ್ಲಿ ಒಣಗುವುದರಲ್ಲಿ ಸಿಂಹಪಾಲು ರೊಬಸ್ಟಾ ಚೆರ್ರಿಯೇ (ಸಿಪ್ಪೆಸಹಿತ ಒಣಗಿಸುವ ಹಣ್ಣು) ಹೊರತು ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದ ಬೀಜ) ಅಲ್ಲ. ಹೀಗಾಗಿ ಸಿದ್ದಾಪುರದ ರೊಬಸ್ಟಾ ಬೆಳೆಗಾರ ತನ್ನ ಅಪ್ಪಟ ಕಾಫಿಯನ್ನು ಮಾರುವಾಗಲೂ ಈ ಜಿಐ ಅವನ ಬೆನ್ನಿಗಿಲ್ಲ, ಹೆದ್ದಾರಿಯ ಪೊಟ್ಟಣದವನು ‘ಅರೇಬಿಕಾ’ ಎಂಬ ಪದವನ್ನು ಜಾಣತನದಿಂದ ಕೈಬಿಟ್ಟಾಗ ಅವನನ್ನು ನೇರವಾಗಿ ಹಿಡಿಯಲೂ ಅದು ಸಾಲದು.

ಎರಡನೆಯ ತೊಡಕು ಇನ್ನೂ ಮುಖ್ಯವಾದದ್ದು. 1999ರ ಭೌಗೋಳಿಕ ಸೂಚಕಗಳ ಕಾಯ್ದೆಯ ಪ್ರಕಾರ ಉಲ್ಲಂಘನೆಯ ದಾವೆ ಹೂಡುವ ಹಕ್ಕು ಇರುವುದು ನೋಂದಾಯಿತ ಹಕ್ಕುದಾರರಿಗೆ, ಅಂದರೆ ಇಲ್ಲಿ ಕಾಫಿ ಮಂಡಳಿಗೆ, ಮತ್ತು ಅದೇ ಸೂಚಕದ ಅಡಿಯಲ್ಲಿ ಚೆನ್ನೈನ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಿಕೊಂಡ ‘ಅಧಿಕೃತ ಬಳಕೆದಾರ’ರಿಗೆ. ಕೊಡಗಿನಲ್ಲಿ ಹುಟ್ಟಿ, ಕೊಡಗಿನಲ್ಲೇ ಅರೇಬಿಕಾ ಬೆಳೆದರೂ ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಈ ಕಾಯ್ದೆಯಡಿ ನೀವು ದೂರುದಾರರಾಗಬಹುದೇ ಹೊರತು ವಾದಿಯಾಗಲಾರಿರಿ. ಕೊಲ್ಹಾಪುರಿ ಚಪ್ಪಲಿಯ ಪ್ರಕರಣದಲ್ಲಿ ಇದೇ ಆಯಿತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದನ್ನು ಹೋಲುವ ಚಪ್ಪಲಿಯನ್ನು ಹೊರತಂದಾಗ ದೇಶವೆಲ್ಲ ಗದ್ದಲವೆದ್ದಿತು, ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನೂ ಹಾಕಿದರು. ಹಕ್ಕುದಾರರು ಬೇರೆ ಇದ್ದಾರೆ, ಬರಬೇಕಾದವರು ಅವರು, ಎಂದು ನ್ಯಾಯಾಲಯ ಜುಲೈನಲ್ಲಿ ಅರ್ಜಿಯನ್ನು ವಜಾಗೊಳಿಸಿತು. ಆ ಹಕ್ಕುದಾರರು ಮಹಾರಾಷ್ಟ್ರದ ಮತ್ತು ನಮ್ಮ ಕರ್ನಾಟಕದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮಗಳು. ಬೆಳಗಾವಿ, ಬಾಗಲಕೋಟೆ ಕಡೆಯ ಚಪ್ಪಲಿಯೂ ಅದೇ ಜಿಐಗೆ ಸೇರಿದ್ದು. ಡಿಸೆಂಬರಿನಲ್ಲಿ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ್ದೂ ಆ ಎರಡು ನಿಗಮಗಳ ಜೊತೆಗೇ. ಗದ್ದಲ ಮಾಡಿದವರು ಸಾವಿರಾರು ಮಂದಿ. ಮಾತುಕತೆಗೆ ಕೂರಲು ಕಾನೂನು ಕುರ್ಚಿ ಹಾಕಿದ್ದು ಇಬ್ಬರಿಗೆ.

ಈಗ ದೇಶದಲ್ಲಿ ನಡೆಯುತ್ತಿರುವ ಚರ್ಚೆಯೂ ಇದರ ಸುತ್ತಲೇ ಇದೆ. 2030ರ ಹೊತ್ತಿಗೆ 10,000 ಜಿಐಗಳು ಎಂಬ ಗುರಿಯನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. 2025ರ ಜನವರಿಯಲ್ಲಿ ಆ ಗುರಿಯನ್ನು ಹೇಳುವಾಗ ಕೇಂದ್ರ ವಾಣಿಜ್ಯ ಸಚಿವರು ಕೊಟ್ಟ ಲೆಕ್ಕದ ಪ್ರಕಾರ ಆಗ ಇದ್ದ ಜಿಐಗಳು 605, ಅಧಿಕೃತ ಬಳಕೆದಾರರು ಸುಮಾರು 29,000. ಭಾಗಿಸಿ ನೋಡಿದರೆ ಒಂದು ಜಿಐಗೆ ಐವತ್ತು ಮಂದಿಯೂ ಇಲ್ಲ. ಟ್ಯಾಗ್‌ಗಳ ಸಂಖ್ಯೆ ಏರಿಸುವುದಕ್ಕಿಂತ ಇರುವ ಟ್ಯಾಗ್‌ಗಳ ಒಳಗೆ ಬೆಳೆಗಾರರನ್ನೂ ಕುಶಲಕರ್ಮಿಗಳನ್ನೂ ಕರೆತರುವುದು ಮೊದಲು ಆಗಬೇಕು ಎನ್ನುವವರ ಪಕ್ಷ ನನ್ನದು. ಕೊಡಗಿನ ಕಿತ್ತಳೆಯನ್ನೇ ನೋಡಿ. ಅದರ ಜಿಐ ಕಾಫಿಗಿಂತ ಎಷ್ಟೋ ಹಳೆಯದು. ಗ್ರೀನಿಂಗ್ ರೋಗಕ್ಕೆ ತೋಟಗಳೇ ಬರಿದಾದವು, ಆದರೆ ರಸ್ತೆ ಬದಿಯ ಬುಟ್ಟಿಗಳು ಮಾತ್ರ ಬರಿದಾಗಲಿಲ್ಲ. ಸಿಪ್ಪೆ ತೊಳೆಗೆ ಅಂಟಿದಂತಿರುವ, ಹಸಿರು ಪೂರ್ತಿ ಮಾಸದ ನಮ್ಮ ಹಣ್ಣಿನ ಹೆಸರಿನಲ್ಲಿ ಸಡಿಲ ಸಿಪ್ಪೆಯ ನಾಗಪುರದ ಹಣ್ಣು ಮಾರಾಟವಾಗುತ್ತದೆ. ಪ್ರವಾಸಿಗರು ಸಂತೋಷದಿಂದಲೇ ಒಯ್ಯುತ್ತಾರೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು: ಬೇಡ. ಊರಿನ ಮೂಲವನ್ನಷ್ಟೇ ಹೇಳುವ ಪದವನ್ನು ಒಬ್ಬರ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು 1999ರ ಟ್ರೇಡ್‌ಮಾರ್ಕ್ ಕಾಯ್ದೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಜಿಐಯನ್ನು ಒಳಗೊಂಡ ಹೆಸರನ್ನು ದಾರಿ ತಪ್ಪಿಸುವಂತೆ ಬೇರೆಡೆಯ ಸರಕಿಗೆ ಕೇಳಿದರೆ ನಿರಾಕರಿಸುವ ಅಧಿಕಾರ ಜಿಐ ಕಾಯ್ದೆಯಲ್ಲೂ ಇದೆ. ಜಿಐ ಅರ್ಜಿ ಸಲ್ಲಿಕೆಗೆ ಮೊದಲೇ ಸದ್ಭಾವನೆಯಿಂದ ಬಳಕೆಯಲ್ಲಿದ್ದ ಹಳೆಯ ಟ್ರೇಡ್‌ಮಾರ್ಕ್‌ಗಳಿಗೆ ರಕ್ಷಣೆ ಇರುವುದರಿಂದ ‘ಕೂರ್ಗ್’ ಸೇರಿದ ಒಂದೆರಡು ಹಳೆಯ ಹೆಸರುಗಳು ಮಾರುಕಟ್ಟೆಯಲ್ಲಿ ಉಳಿದುಕೊಂಡರೆ ಆಶ್ಚರ್ಯಪಡಬೇಡಿ. ಒಂದು ವೇಳೆ ನಿಮಗೆ ಆ ಪದ ಸಿಕ್ಕಿತು ಎಂದೇ ಇಟ್ಟುಕೊಳ್ಳೋಣ. ನಾಳೆ ನಿಮ್ಮ ನೆರೆಯ ತೋಟದವರಿಗೆ ನೋಟಿಸು ಕಳಿಸುವಿರಾ? ಜಿಐಯನ್ನು ಮಾರಲು, ಅಡವಿಡಲು, ಬೇರೆಯವರಿಗೆ ವರ್ಗಾಯಿಸಲು ಬಾರದು ಎಂದು ಕಾಯ್ದೆ ಕಟ್ಟುಹಾಕಿರುವುದು ಅದು ಊರೊಟ್ಟಿನ ಸ್ವತ್ತು ಎಂಬ ಕಾರಣಕ್ಕೇ. ನಿಮ್ಮ ಐನ್‌ಮನೆಯ (ಕುಲದ ಮೂಲಮನೆಯ) ಹೆಸರನ್ನೋ ತೋಟದ ಹೆಸರನ್ನೋ ಟ್ರೇಡ್‌ಮಾರ್ಕ್ ಮಾಡಿಕೊಳ್ಳಿ.

ಹಾಗಾದರೆ ರೊಬಸ್ಟಾ ಬೆಳೆಗಾರರು ಕೈಕಟ್ಟಿ ಕೂರಬೇಕೇ? ಕಾಯ್ದೆಯೇ ಒಂದು ಹಿಂಬಾಗಿಲನ್ನು ತೆರೆದಿಟ್ಟಿದೆ. ನೋಂದಣಿಯಾಗದ ಸೂಚಕಕ್ಕೆ ಉಲ್ಲಂಘನೆಯ ದಾವೆ ಇಲ್ಲವಾದರೂ, ತನ್ನ ಸರಕನ್ನು ಇನ್ನೊಬ್ಬರದೆಂದು ನಂಬಿಸಿ ಮಾರುವುದರ ವಿರುದ್ಧ ಇರುವ ಹಳೆಯ ಸಾಮಾನ್ಯ ಕಾನೂನಿನ ಪರಿಹಾರವನ್ನು ಅದು ಮುಟ್ಟಿಲ್ಲ. ಜಿಐ ಕಾಯ್ದೆ ಹುಟ್ಟುವ ಮೊದಲೇ, 1992ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ, ಸ್ಕಾಚ್ ವಿಸ್ಕಿ ತಯಾರಕರ ಸಂಘ ಮಹಾರಾಷ್ಟ್ರದ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯ ವಿರುದ್ಧ ಬಾಂಬೆ ಹೈಕೋರ್ಟಿನಲ್ಲಿ ತಡೆಯಾಜ್ಞೆ ತಂದದ್ದು ಈ ದಾರಿಯಿಂದಲೇ. ಆದರೆ ಅಲ್ಲಿ ಬಂದು ನಿಂತದ್ದು ಸಂಘ. ಖರ್ಚು ಹೊತ್ತದ್ದೂ ಸಂಘ. ಏಳು ಎಕರೆಯ ಒಬ್ಬರು ಹೊರುವ ಭಾರ ಅದಲ್ಲ. ವಯನಾಡಿನವರ ರೊಬಸ್ಟಾಕ್ಕೆ ಸಾಧ್ಯವಾದದ್ದು ನಮ್ಮದಕ್ಕೆ ಯಾಕಿಲ್ಲ ಎಂಬ ಪ್ರಶ್ನೆಯನ್ನು ನಮ್ಮ ಬೆಳೆಗಾರರ ಸಂಘಟನೆಗಳು ಬೆಲೆ ಏರಿರುವ ವರ್ಷಗಳಲ್ಲೇ ಕೇಳಬೇಕಿತ್ತು.

ನೀವು ವೈಯಕ್ತಿಕವಾಗಿ ಈಗ ಮಾಡಬಹುದಾದದ್ದು ಅಧಿಕೃತ ಬಳಕೆದಾರರಾಗುವುದು. 2020ರ ತಿದ್ದುಪಡಿಯ ನಂತರ ಅರ್ಜಿ ಶುಲ್ಕ 500 ರೂಪಾಯಿಯಿಂದ 10 ರೂಪಾಯಿಗೆ ಇಳಿದಿದೆ. ನೀವು ಉತ್ಪಾದಕರೆಂಬುದನ್ನು ತೋರಿಸುವ ಪಹಣಿ, ಕಾಫಿ ಮಂಡಳಿಯ ನೋಂದಣಿ ಮುಂತಾದವನ್ನು ಜೋಡಿಸಿ. ಕುಟುಂಬದ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಜಾಗವಾಗಿದ್ದು ಪಹಣಿಯಲ್ಲಿ ನಿಮ್ಮ ಬದಲು ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿದ್ದರೆ ಆ ಕಗ್ಗಂಟಿಗೆ ಬೇಕಾದ ಕಾಗದಗಳನ್ನು ಮೊದಲೇ ಹೊಂದಿಸಿಕೊಳ್ಳಿ. ಅರ್ಜಿಯ ಒಂದು ಪ್ರತಿ ಮಂಡಳಿಗೂ ಹೋಗಲಿ.

ಕೊನೆಗೆ, ಬೇಸರಿಸಬಾರದು. ಪತ್ರದ ಜೊತೆ ನೀವು ಕಳಿಸಿದ ಪೊಟ್ಟಣದ ಹಿಂಬದಿಯಲ್ಲಿ ‘ಅರೇಬಿಕಾ ಶೇಕಡಾ 30, ರೊಬಸ್ಟಾ ಶೇಕಡಾ 70’ ಎಂದಿದೆ. ಮುಂಭಾಗದಲ್ಲಿ ‘ಕೂರ್ಗ್ ಅರೇಬಿಕಾ’ ದಪ್ಪಕ್ಷರದಲ್ಲೂ ‘ಬ್ಲೆಂಡ್’ ಅದರ ಕಾಲ್ಭಾಗದ ಗಾತ್ರದಲ್ಲೂ ಇದೆ. ನೋಂದಾಯಿತ ಹೆಸರನ್ನು ನೇರವಾಗಿ ಬಳಸಿರುವವರು ಹೆದ್ದಾರಿಯವನಲ್ಲ, ನೀವು. ಅವನ ಮೇಲೆ ದೂರು ಹೋದ ದಿನ ಅವನ ವಕೀಲರು ಮೇಜಿನ ಮೇಲೆ ಮೊದಲು ಇಡುವುದು ನಿಮ್ಮ ಪೊಟ್ಟಣವನ್ನೇ. ಹಳೆಯ ಚೀಟಿ ಎಷ್ಟು ಉಳಿದಿದೆಯೆಂದು ನೀವು ಬರೆದಿಲ್ಲ. ಎಷ್ಟೇ ಉಳಿದಿರಲಿ, ಮುಂದಿನ ಹುರಿಗೆ ಹೊಸದನ್ನು ಅಚ್ಚು ಹಾಕಿಸಿ, ಆಮೇಲೆ ಅರ್ಜಿ ಕಳಿಸಿ.

– ಸಂಪಾದಕ