ಬಾಡು ಬಿಡಿಸಲಿಲ್ಲ, ಪ್ಯಾಕೆಟ್ ಬಿಡಿಸಿದೆ

ಕಿಡ್ನಿ ಕಾಯಿಲೆ ಇರುವವರು ಮನೆಯವರ ಕಣ್ಣು ತಪ್ಪಿಸಿ ತಿನ್ನುವುದನ್ನು ಪದೇ ಪದೇ ನೋಡುತ್ತಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಸಕ್ಕರೆ ಕಾಯಿಲೆ, ಬಿಪಿ ಹಳೆಯವು. ಕಿಡ್ನಿ ಕಾಯಿಲೆ ಮೂರನೇ ಹಂತದಲ್ಲಿತ್ತು, ಡಯಾಲಿಸಿಸ್ ಇರಲಿಲ್ಲ. ಡಾಕ್ಟರು ಬಾಡು (ಮಾಂಸ) ಕಮ್ಮಿ ಮಾಡಿ ಎಂದಿದ್ದರು, ಮನೆಯವರು ಪೂರ್ತಿ ನಿಲ್ಲಿಸಿದ್ದರು. ಆದರೂ ಕಾಲಿನ ಊತ ಹೋಗಲಿಲ್ಲ, ಬಿಪಿ ಇಳಿಯಲಿಲ್ಲ. ನೋಡಿದರೆ, ಮೊಮ್ಮಗನಿಗೆಂದು ಫ್ರಿಜ್ಜಿನಲ್ಲಿಟ್ಟ ಸಾಸೇಜ್ ಇವರ ಹೊಟ್ಟೆ ಸೇರುತ್ತಿತ್ತು.

"ಮಕ್ಕಳ ಹಾಗೆ ಕದ್ದು ತಿಂತಾರಲ್ಲ ಮೇಡಂ" ಎಂದು ಹೆಂಡತಿ ಅತ್ತರು. ಅವರು ತಲೆ ಎತ್ತಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದರು: "ನಂಗೆ ಬೇರೆ ಪಾತ್ರೇಲಿ ಸಪ್ಪೆ ಸಾರು. ಎಲ್ರಿಗಿಂತ ಮುಂಚೆ ಬಡಿಸಿ ಮುಗಿಸ್ತಾರೆ. ಮೊಮ್ಮಗ ಸಾಸೇಜ್ ತಂದು 'ತಾತ, ತಗೋ' ಅಂತಾನೆ. ಯಾರಾದ್ರೂ ಜೊತೆಗೆ ಕೂತು ತಿನ್ನೋದು ಅದೊಂದೇ ಹೊತ್ತು."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದರು. "ಒಂದಿನ ಹೇಳ್ಬಾರದಿತ್ತಾ?" ಎಂದರು.

ಅವರು ತಂದಿದ್ದ ಚೀಲದಲ್ಲೇ ಸಾಸೇಜಿನ ಖಾಲಿ ಪ್ಯಾಕೆಟ್ ಇತ್ತು. ಹಿಂಬದಿಯ ಸಣ್ಣ ಅಕ್ಷರ ಮೂವರೂ ಕೂತು ಓದಿದೆವು. ನೂರು ಗ್ರಾಮಿಗೆ 800 ಮಿಲಿಗ್ರಾಂ ಸೋಡಿಯಂ. ಇವರಿಗೆ ಇಡೀ ದಿನಕ್ಕೆ 2000 ದಾಟಬಾರದು, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ ಉಪ್ಪು. ಜೊತೆಗೆ ಐಎನ್‌ಎಸ್ 451, 452 ಎಂದಿತ್ತು, ಆಹಾರಕ್ಕೆ ಬೆರೆಸುವ ಪದಾರ್ಥಗಳಿಗೆ ಕೊಡುವ ಸಂಖ್ಯೆಗಳು. ಈ ಎರಡೂ ಫಾಸ್ಫೇಟ್, ಅಂದರೆ ರಂಜಕದ ಲವಣ. ತಾಜಾ ಮಾಂಸದಲ್ಲೂ ರಂಜಕ ಇದೆ, ಆದರೆ ಅದರಲ್ಲಿ ಸುಮಾರು ಅರ್ಧ ಮಾತ್ರ ಮೈಗೆ ಸೇರುತ್ತದೆ. ಹೀಗೆ ಬೆರೆಸಿದ್ದು ಹೆಚ್ಚುಕಮ್ಮಿ ಪೂರ್ತಿ ಸೇರುತ್ತದೆ. ಸೋತ ಕಿಡ್ನಿ ಅದನ್ನು ಹೊರಗೆ ಹಾಕಲಾರದೆ ಮೂಳೆ, ರಕ್ತನಾಳ ಎರಡೂ ಕೆಡುತ್ತವೆ.

ನಾನು ಹೇಳಿದ್ದು ಇಷ್ಟು. ಸಾಸೇಜ್, ಸಲಾಮಿ, ನಗೆಟ್ಸ್ ಮನೆಗೇ ಬರುವುದು ಬೇಡ, ಮೊಮ್ಮಗನಿಗೂ ಬೇಡ. ಸಾರು ಎಲ್ಲರಿಗೂ ಒಂದೇ, ಉಪ್ಪು ಕಮ್ಮಿ. ತೋಟದ ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿ ಜಾಸ್ತಿ ಬೀಳಲಿ. ವಾರಕ್ಕೊಮ್ಮೆ ತಾಜಾ ಕೋಳಿ ಮಾಡಿ. ಇವರಿಗೆ ಎಷ್ಟು ತುಂಡು ಅನ್ನೋದನ್ನು ಆಹಾರ ತಜ್ಞರು ತೂಕ ನೋಡಿ ಹೇಳಲಿ. ಊಟಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ ಕೂರಿ.

ಬಾಡು ಪೂರ್ತಿ ಬಿಡಿಸಬೇಕಿತ್ತು ಎಂದು ನನ್ನ ಜೊತೆಯವರೇ ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಡಯಾಲಿಸಿಸ್ ಇಲ್ಲದ ಈ ಹಂತದಲ್ಲಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಬೇಕೇ ಬೇಕು. ಪೂರ್ತಿ ಬೇಡ ಎಂದ ಮನೆಗಳಲ್ಲೇ ಕದ್ದು ತಿನ್ನುವುದನ್ನು ನಾನು ಹೆಚ್ಚು ಕಂಡಿದ್ದೇನೆ. ಕದ್ದು ತಿಂದದ್ದನ್ನು ಯಾರೂ ಡಾಕ್ಟರಿಗೆ ಹೇಳುವುದಿಲ್ಲ, ಮಾತ್ರೆಯ ಲೆಕ್ಕವೂ ತಪ್ಪುತ್ತದೆ.

"ಮನೇಲಿ ಮಾಡಿದ ಉಪ್ಪುಕಂಡ ಆಗುತ್ತಾ?" ಎಂದು ರೈಟರು ಆಸೆಯಿಂದ ಕೇಳಿದರು. ಆಗಲ್ಲ ಎಂದೆ. ಉಪ್ಪು ಹಚ್ಚಿ ಒಣಗಿಸಿದ ಆ ಮಾಂಸದಲ್ಲಿ ಫಾಸ್ಫೇಟ್ ಪುಡಿ ಇರುವುದಿಲ್ಲ, ಆದರೆ ಉಪ್ಪಿನಲ್ಲಿ ಅದೇನೂ ಕಮ್ಮಿಯಲ್ಲ. ಮರುವಾರ ಅವರ ಮಗ ಫೋನ್ ಮಾಡಿ, ಸೋಡಿಯಂ ಕಮ್ಮಿ ಇರುವ ಉಪ್ಪು ತರಲಾ ಎಂದ. ಡಾಕ್ಟರನ್ನು ಕೇಳದೆ ತರಬೇಡಿ ಎಂದೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು.